ಹಿಮ್ಮೇಳ ಕಿವಿಗೆ ಬೀಳುವ ತನಕ: ಆರ್.ಇ.ಎಂ. ಹಾಡುಗಳಲ್ಲಿ ನಿಮ್ಮ ಹನ್ನೆರಡನ್ನು ಆರಿಸಿಕೊಳ್ಳುವ ಬಗೆ

ಅಕ್ಕನ ಮಗಳು ಈ ಸಲ ಬೇಸಿಗೆ ರಜೆಗೆ ಕಲಬುರಗಿಗೆ ಬಂದಿದ್ದಳು. ಪಿಯುಸಿ ಮುಗಿಸಿದ್ದಾಳೆ. ನನ್ನ ಫೋನಿನಲ್ಲಿ ಓಡುತ್ತಿದ್ದ ಹಾಡೊಂದನ್ನು ಕೇಳಿ, "ಮಾಮಾ, ಈ ಬ್ಯಾಂಡಿಂದು ಚಲೋ ಹಾಡು ಯಾವ್ಯಾವು ಅವ, ಬರ್ದು ಕೊಡು" ಅಂದಳು. ಬರೆದು ಕೊಡುವುದು ಸುಲಭ. ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ಪಟ್ಟಿ ಬಾಯಿಪಾಠ ಇದೆ. ಆದರೂ ಕೊಡಲಿಲ್ಲ. ಕೊಟ್ಟಿದ್ದರೆ ಅವಳು ನನ್ನ ಹಾಡುಗಳನ್ನು ಕೇಳುತ್ತಿದ್ದಳು. ಅವಳ ಹಾಡು ಅವಳಿಗೆ ಸಿಗುತ್ತಿರಲಿಲ್ಲ. ಅದಕ್ಕೇ ಪಟ್ಟಿಯ ಬದಲು ಪಟ್ಟಿ ಮಾಡುವ ದಾರಿ ಹೇಳಿಕೊಟ್ಟೆ. ಅದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ.

ಬ್ಯಾಂಡಿನ ಹೆಸರು ಆರ್.ಇ.ಎಂ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನವರು. ಅದು ಯೂನಿವರ್ಸಿಟಿ ಇರುವ ಸಣ್ಣ ಊರು. ನಾಲ್ವರು ಹುಡುಗರು. ಹಾಡುವವನು ಮೈಕಲ್ ಸ್ಟೈಪ್, ಗಿಟಾರ್ ಪೀಟರ್ ಬಕ್, ತಗ್ಗು ಸ್ವರದ ಬೇಸ್ ಗಿಟಾರ್ ಮೈಕ್ ಮಿಲ್ಸ್, ಡ್ರಮ್ಸ್ ಬಿಲ್ ಬೆರ್ರಿ. ಪೀಟರ್ ಬಕ್ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸ್ಟೈಪ್ ಅಲ್ಲಿಗೆ ರೆಕಾರ್ಡ್ ಕೊಳ್ಳಲು ಹೋಗುತ್ತಿದ್ದ. ಪರಿಚಯ ಆಗಿದ್ದು ಹಾಗೆ. 1980ರ ಏಪ್ರಿಲ್ 5ರಂದು ಒಂದು ಹಳೇ ಚರ್ಚ್ ಕಟ್ಟಡದಲ್ಲಿ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಮೊದಲ ಸಲ ಹಾಡಿದರು. 2011ರ ಸೆಪ್ಟೆಂಬರ್ 21ರಂದು ಬ್ಯಾಂಡ್ ಮುಗಿಯಿತು ಎಂದು ತಾವೇ ಹೇಳಿದರು. ನಡುವೆ 31 ವರ್ಷ, 15 ಆಲ್ಬಮ್.

ಅವರ ಬಗ್ಗೆ ನನಗೆ ಎಲ್ಲಕ್ಕಿಂತ ಹಿಡಿಸಿದ ಮಾತು ಇನ್ನೊಂದಿದೆ. ಹಾಡು ಯಾರ ತಲೆಯಲ್ಲೇ ಹುಟ್ಟಿರಲಿ, ಕೆಳಗೆ ನಾಲ್ವರ ಹೆಸರನ್ನೂ ಹಾಕುತ್ತಿದ್ದರು. ಬಂದ ದುಡ್ಡಲ್ಲೂ ಸಮಪಾಲು. ನಮ್ಮ ಕಡೆ ಮಠದಲ್ಲಿ ಅಮಾವಾಸ್ಯೆಗೆ ಭಜನೆ ಕೂರುತ್ತಾರಲ್ಲ, ಅಲ್ಲಿ ಹಾಡು ಒಬ್ಬನದಲ್ಲ. ಮುಂದೆ ಹಾಡುವವನದೂ ಹೌದು, ದಮ್ಮಡಿ ಬಾರಿಸುವವನದೂ ಹೌದು, ತಾಳ ಹಾಕುವವನದೂ ಹೌದು. ಈ ಬ್ಯಾಂಡನ್ನೂ ಹಾಗೇ ಕೇಳಬೇಕು. ಮುಂದಿನವನ ಹಿಂದೆ ಯಾರಿದ್ದಾರೆ ಎಂದು ಕಿವಿ ಕೊಡಬೇಕು. ನಾನು ಹೇಳುವ ಹೆಜ್ಜೆಗಳೆಲ್ಲ ಕೊನೆಗೆ ಅಲ್ಲಿಗೇ ಬರುತ್ತವೆ.

ಶುರು ಮಾಡುವ ಮುಂಚೆ

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಫೋನಿನಲ್ಲೇ ಬರೆದುಕೊಳ್ಳುವುದು ಬೇಡ, ಹಾಡು ಕೇಳುವಾಗ ಪರದೆ ನೋಡಿದರೆ ಕಿವಿ ಮಂಕಾಗುತ್ತದೆ. ತಂತಿ ಇರುವ ಇಯರ್‌ಫೋನ್ ಆದರೂ ಸಾಕು. ಎರಡೂ ಕಿವಿಗೆ ಹಾಕಿಕೊಳ್ಳಿ. ಆಲ್ಬಮ್‌ಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ.

ಇನ್ನೊಂದು ಮಾತು ನಮ್ಮೂರಿನವರಿಗೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಮನೆಮನೆಯಲ್ಲೂ ಕೂಲರ್. ಕೂಲರ್ ಸದ್ದು ಬೇಸ್ ಗಿಟಾರನ್ನು ಪೂರಾ ನುಂಗಿಬಿಡುತ್ತದೆ. ಮೈಕ್ ಮಿಲ್ಸ್‌ನ ಬೇಸ್ ಕೇಳಿಸದಿದ್ದರೆ ಆರ್.ಇ.ಎಂ. ಅರ್ಧವೂ ಕೇಳಿಸಿದಂತಲ್ಲ. ಹಾಗಾಗಿ ಬೇಸಿಗೆಯಲ್ಲಿ ರಾತ್ರಿ ಊಟ ಆದ ಮೇಲೆ ಮಾಳಿಗೆಗೆ ಹೋಗಿ. ಇಲ್ಲವೇ ಬೆಳಗ್ಗೆ ಐದೂವರೆಗೆ ಏಳಿ.

ಮೊದಲ ಹೆಜ್ಜೆ: ನಡುವಿನಿಂದ ಒಳಗೆ ಹೋಗಿ

ಮೊದಲ ಆಲ್ಬಮ್‌ನಿಂದ ಶುರು ಮಾಡಿ ಎಂದು ಸುಮಾರು ಜನ ಹೇಳುತ್ತಾರೆ. ನಾನು ಹೇಳುವುದಿಲ್ಲ. 1992ರ 'ಆಟೋಮ್ಯಾಟಿಕ್ ಫಾರ್ ದ ಪೀಪಲ್' ಎಂಬ ಆಲ್ಬಮ್‌ನಿಂದ ಶುರು ಮಾಡಿ. ಅಥೆನ್ಸ್ ಊರಿನ ಒಂದು ಖಾನಾವಳಿಯ ಮಾಲೀಕ ಗಿರಾಕಿಗಳಿಗೆ ಹೇಳುತ್ತಿದ್ದ ಮಾತು ಅದು. ಅದನ್ನೇ ಆಲ್ಬಮ್‌ಗೆ ಹೆಸರಾಗಿ ಇಟ್ಟರು. ಒಟ್ಟು 12 ಹಾಡು, ಮುಕ್ಕಾಲು ಗಂಟೆಗೆ ತುಸು ಜಾಸ್ತಿ. ಕಲಬುರಗಿ ಸ್ಟೇಷನ್‌ನಲ್ಲಿ ರೈಲು ಹೊರಟಾಗ ಹಚ್ಚಿದರೆ ಯಾದಗಿರಿ ಬರುವ ಮುಂಚೆ ಮುಗಿದಿರುತ್ತದೆ. ನಾನು ಎಷ್ಟೋ ಸಲ ಹಾಗೇ ಕೇಳಿದ್ದೇನೆ.

ಇದನ್ನೇ ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಕಿವಿ ರಾಗಕ್ಕೆ ಒಗ್ಗಿದ ಕಿವಿ. ಈ ಆಲ್ಬಮ್‌ನಲ್ಲಿ ಗದ್ದಲ ಕಡಿಮೆ, ರಾಗ ಎದ್ದು ಕಾಣುತ್ತದೆ. ಕೆಲವು ಹಾಡುಗಳಿಗೆ ಪಿಟೀಲಿನ ಮೇಳ ಇದೆ. ಅದನ್ನು ಹೊಂದಿಸಿದವರು ಲೆಡ್ ಜೆಪ್ಲಿನ್ ಬ್ಯಾಂಡಿನ ಜಾನ್ ಪಾಲ್ ಜೋನ್ಸ್. ಮಾತುಗಳೂ ಸ್ವಚ್ಛವಾಗಿ ಕೇಳಿಸುತ್ತವೆ.

ಮೊದಲ ಸಲ ಕೇಳುವಾಗ ಮಾತಿನ ಅರ್ಥ ಹುಡುಕಬೇಡಿ. 12 ಹಾಡಲ್ಲಿ ಯಾವುದು ನಿಮ್ಮನ್ನು ಹಿಡಿದು ನಿಲ್ಲಿಸಿತು, ಅದರ ಹೆಸರಷ್ಟೇ ಬರೆಯಿರಿ. ಒಂದೋ ಎರಡೋ ಇರುತ್ತವೆ. ಅಷ್ಟು ಸಾಕು.

ನನ್ನನ್ನು ನಿಲ್ಲಿಸಿದ್ದು 'ನೈಟ್‌ಸ್ವಿಮ್ಮಿಂಗ್'. ಈ ಹಾಡಲ್ಲಿ ಡ್ರಮ್ ಇಲ್ಲ, ಗಿಟಾರ್ ಇಲ್ಲ. ಮೈಕ್ ಮಿಲ್ಸ್ ಪಿಯಾನೋ ನುಡಿಸುತ್ತಾನೆ. ಒಂದೇ ತುಣುಕು, ಗಾಣದ ಎತ್ತಿನ ಹಾಗೆ ಸುತ್ತುತ್ತಾ ಬರುತ್ತದೆ. ಅದರ ಮೇಲೆ ಸ್ಟೈಪ್ ಹಾಡುತ್ತಾನೆ. ಪಲ್ಲವಿ ಅಂತ ಏನೂ ಇಲ್ಲ. ಕೊನೆಗೆ ಓಬೋ ಎಂಬ ಊದುವ ವಾದ್ಯ ಒಂದು ಬರುತ್ತದೆ, ದೂರದಲ್ಲಿ ಯಾರೋ ಕೊಳಲು ಊದಿದ ಹಾಗೆ. ಗೆಳೆಯರು ರಾತ್ರಿ ಹೊತ್ತು ಈಜಲು ಹೋದದ್ದರ ನೆನಪು ಅದು. ನಾವೂ ಹುಡುಗರಾಗಿದ್ದಾಗ ಊರಲ್ಲಿ ಹೊಲದ ಬಾವಿಗೆ ರಾತ್ರಿ ಇಳಿಯುತ್ತಿದ್ದೆವು. ಬಟ್ಟೆ ದಂಡೆಯ ಮೇಲೆ, ಕೈಕಾಲಿಗೆ ತಣ್ಣನೆ ಕತ್ತಲು, ಮೇಲೆ ಬಾವಿಯ ಬಾಯಿಯಷ್ಟೇ ಅಗಲದ ಆಕಾಶ. ಆ ಗೆಳೆಯರಲ್ಲಿ ಇಬ್ಬರು ಪುಣೆಗೆ ಹೋದರು. ಒಬ್ಬ ಇಲ್ಲ. ಈ ಹಾಡನ್ನು ಹಗಲಲ್ಲಿ ನಾನು ಹಚ್ಚುವುದೇ ಇಲ್ಲ.

ಇದೇ ಆಲ್ಬಮ್‌ನ 'ಎವ್ರಿಬಡಿ ಹರ್ಟ್ಸ್' ಬಗ್ಗೆ ಒಂದು ಮಾತು. ಇಂಗ್ಲಿಷ್ ಕಷ್ಟ ಅನ್ನುವವರಿಗೂ ಈ ಹಾಡು ಪೂರಾ ತಿಳಿಯುತ್ತದೆ. ಹರೆಯದ ಮಕ್ಕಳಿಗೆ ನೇರವಾಗಿ ತಲುಪಲಿ ಎಂದೇ ಮಾತನ್ನು ಅಷ್ಟು ಸರಳ ಮಾಡಿದರು. ಹಾಡಿನ ಬಹುಪಾಲು ಡ್ರಮ್ಮರ್ ಬಿಲ್ ಬೆರ್ರಿಯದು. ಆದರೆ ಅದರಲ್ಲಿ ಹೆಚ್ಚು ಹೊತ್ತು ಕೇಳಿಸುವುದು ಡ್ರಮ್ ಮೆಷಿನ್. ಡ್ರಮ್ ಬಾರಿಸುವವನು ತಾನೇ ಹಾಡು ತಂದು, ಅದಕ್ಕೆ ತನ್ನ ಕೈ ಬೇಡ ಅಂತ ಸುಮ್ಮನೆ ಕೂತ. ಎಂಥ ಮನಸ್ಸು ಅಲ್ವಾ? ಮನಸ್ಸಿಗೆ ಜಾಸ್ತಿ ಭಾರ ಇದ್ದ ದಿನ ಈ ಹಾಡನ್ನು ಒಬ್ಬರೇ ಕೇಳಬೇಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಕೇಳಿ.

ಎರಡನೆಯ ಹೆಜ್ಜೆ: ಗೊತ್ತಿರುವ ಹಾಡನ್ನು ಮತ್ತೆ ಕೇಳಿ

ಆರ್.ಇ.ಎಂ. ಅಂದರೆ ಎಲ್ಲರೂ ಹೇಳುವುದು 'ಲೂಸಿಂಗ್ ಮೈ ರಿಲಿಜನ್'. 1991ರ 'ಔಟ್ ಆಫ್ ಟೈಮ್' ಆಲ್ಬಮ್‌ನದು. ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಬಂದಿತ್ತು. ಎಲ್ಲರಿಗೂ ಗೊತ್ತು ಅನ್ನುವ ಕಾರಣಕ್ಕೆ ಇದನ್ನು ಬಿಡಬೇಡಿ. ಎಲ್ಲರೂ ಹೇಳುತ್ತಾರೆ ಅನ್ನುವ ಕಾರಣಕ್ಕೆ ಪಟ್ಟಿಗೆ ಸೇರಿಸಲೂಬೇಡಿ.

ಈ ಹಾಡು ಹುಟ್ಟಿದ ಬಗೆ ತಿಳಿದರೆ ಕಿವಿ ಬೇರೆ ಥರ ತೆರೆಯುತ್ತದೆ. ಗಿಟಾರ್ ನುಡಿಸುವ ಪೀಟರ್ ಬಕ್ ಹೊಸದಾಗಿ ಮ್ಯಾಂಡೊಲಿನ್ ಕಲಿಯುತ್ತಿದ್ದ. ಟಿವಿ ನೋಡುತ್ತಾ ನೋಡುತ್ತಾ ಬೆರಳು ಆಡಿಸಿ ಟೇಪ್ ಮಾಡಿಕೊಂಡ. ಮರುದಿನ ಕೇಳಿದರೆ ಅದರ ನಡುವೆ ಈ ತುಣುಕು ಇತ್ತು. ಕಲಿಯುವವನ ಕೈಯ ಎಚ್ಚರ ಅದರಲ್ಲಿ ಈಗಲೂ ಇದೆ. ಹೆಸರು ನೋಡಿ ಧರ್ಮದ ಹಾಡು ಅಂದುಕೊಳ್ಳಬೇಡಿ. ಅಮೆರಿಕದ ದಕ್ಷಿಣ ಭಾಗದ ಆಡುಮಾತು ಅದು. ತಾಳ್ಮೆ ಮೀರಿತು, ಇನ್ನು ತಡೆಯಲಾಗುವುದಿಲ್ಲ ಅನ್ನುವಾಗ ಹಾಗೆ ಹೇಳುತ್ತಾರೆ. ಒಬ್ಬರ ಮೇಲೆ ಮನಸ್ಸಿಟ್ಟು, ಹೇಳಿದ್ದು ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂದು ಒದ್ದಾಡುವವನ ಹಾಡು. ಇದಕ್ಕೂ ಸರಿಯಾದ ಪಲ್ಲವಿ ಇಲ್ಲ. ಆದರೂ ಊರೂರಿಗೆ ಮುಟ್ಟಿತು.

ನಮ್ಮ ಓಣಿಗೆ ಕೇಬಲ್ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಆಗ ಊರಿನ ಹೆಸರು ಇನ್ನೂ ಗುಲಬರ್ಗಾ. ಎದುರು ಮನೆಯ ಕಾಕಾನ ಟಿವಿಯಲ್ಲಿ ಈ ಹಾಡಿನ ವಿಡಿಯೋ ನೋಡಿದೆ. ರೆಕ್ಕೆ ಇರುವ ಮುದುಕ, ಅರೆಗತ್ತಲ ಕೋಣೆ, ನಡುನಡುವೆ ನಮ್ಮ ಮನೆಯ ದೇವರ ಕ್ಯಾಲೆಂಡರ್ ನೆನಪಿಸುವ ಬಣ್ಣ. ಇದರಲ್ಲಿ ನಮ್ಮದು ಏನೋ ಇದೆ ಅನ್ನಿಸಿತು. ಎಷ್ಟೋ ವರ್ಷದ ಮೇಲೆ ತಿಳಿಯಿತು, ಅದರ ನಿರ್ದೇಶಕ ತರ್ಸೇಮ್ ಸಿಂಗ್, ಪಂಜಾಬಿನ ಜಲಂಧರ್‌ನಲ್ಲಿ ಹುಟ್ಟಿದವನು. ಆ ವಿಡಿಯೋಗೆ 1991ರಲ್ಲಿ ಅಮೆರಿಕದ ಹಾಡಿನ ಚಾನೆಲ್ ಎಂಟಿವಿಯ ವರ್ಷದ ವಿಡಿಯೋ ಪ್ರಶಸ್ತಿ ಬಂತು. ಆಮೇಲೆ ಹೈದರಾಬಾದಿನ ಅಬಿಡ್ಸ್‌ಗೆ ಹೋದ ಮಾವನ ಕೈಯಲ್ಲಿ ಚೀಟಿ ಕೊಟ್ಟು ಆ ಕ್ಯಾಸೆಟ್ ತರಿಸಿದ್ದೆ. ಅದರ ಡಬ್ಬಿ ಇನ್ನೂ ಇದೆ, ಟೇಪ್ ಹರಿದಿದೆ.

ಈಗ ನೀವು ಮಾಡಬೇಕಾದ್ದು ಇಷ್ಟು. ಕಣ್ಣು ಮುಚ್ಚಿ, ಮ್ಯಾಂಡೊಲಿನ್ ಒಂದನ್ನೇ ಹಿಂಬಾಲಿಸಿ ಹಾಡನ್ನು ಪೂರ್ತಿ ಕೇಳಿ. ಸ್ಟೈಪ್ ಏನು ಹೇಳುತ್ತಿದ್ದಾನೆ ಅನ್ನುವುದು ಬೇಡ. ಹಾಗೆ ಕೇಳಿದ ಮೇಲೂ ಹಾಡು ನಿಮಗೆ ಬೇಕು ಅನ್ನಿಸಿದರೆ ಬರೆದುಕೊಳ್ಳಿ.

ಮೂರನೆಯ ಹೆಜ್ಜೆ: ಒಂದೇ ಹಾಡು, ಮೂರು ಸಲ

ಇದೇ ಮುಖ್ಯವಾದ ಹೆಜ್ಜೆ. ಇದನ್ನು ನನಗೆ ಕಲಿಸಿದವಳು ಅವ್ವ.

ಅವ್ವ ಭಜನೆಯಲ್ಲಿ ಬೆಳೆದವಳು. ಅವಳ ತವರು ಜೇವರ್ಗಿ ಕಡೆಯ ಹಳ್ಳಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಅಲ್ಲಿ ಮಕ್ಕಳ ಬಾಯಲ್ಲೂ ಇರುತ್ತವೆ. ಒಂದು ದಿನ ಜೋಳದ ರೊಟ್ಟಿ ಬಡಿಯುತ್ತಾ ಕೂತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಫೋನಿನ ಸ್ಪೀಕರ್‌ನಲ್ಲಿ 'ಫಾಲ್ ಆನ್ ಮಿ' ಹಚ್ಚಿದ್ದೆ. 1986ರ 'ಲೈಫ್ಸ್ ರಿಚ್ ಪೇಜೆಂಟ್' ಆಲ್ಬಮ್‌ನ ಹಾಡು. ರೊಟ್ಟಿ ಬಡಿಯುವ ಕೈ ಒಂದು ಗಳಿಗೆ ನಿಂತಿತು. "ತಮ್ಮಾ, ಹಿಂದ ನಿಂತು ಹಾಡಲತ್ತಾನಲ್ಲ, ಅಂವ ಯಾರು? ಅಂವಂದು ದನಿ ಚಲೋ ಅದ" ಅಂದಳು.

ಹತ್ತು ವರ್ಷದಿಂದ ಕೇಳುತ್ತಿದ್ದ ಹಾಡು ಅದು. ಹಿಂದೆ ಒಬ್ಬ ಹಾಡುತ್ತಿದ್ದಾನೆ ಎಂದು ಗೊತ್ತಿತ್ತು, ಆದರೆ ಅವನನ್ನು ನಾನು ಕೇಳಿರಲಿಲ್ಲ. ಆ ದಿನ ರಾತ್ರಿ ಮತ್ತೆ ಕೇಳಿದೆ. ಮುಂದೆ ಸ್ಟೈಪ್ ಒಂದು ಸಾಲು ಹಾಡುತ್ತಿದ್ದಾನೆ. ಅದೇ ಹೊತ್ತಿಗೆ ಮೈಕ್ ಮಿಲ್ಸ್ ಬೇರೆ ಸಾಲು, ಬೇರೆ ರಾಗದಲ್ಲಿ ಎತ್ತರದ ದನಿಯಲ್ಲಿ ಹಾಡುತ್ತಿದ್ದಾನೆ. ಕೆಳಗೆ ಬಿಲ್ ಬೆರ್ರಿಯ ದನಿಯೂ ಇದೆ. ನಡುವೆ ಒಂದು ಕಡೆ ಮಿಲ್ಸ್ ಪೂರಾ ಮುಂದಕ್ಕೆ ಬರುತ್ತಾನೆ, ಸ್ಟೈಪ್ ಹಿಂದೆ ಸರಿಯುತ್ತಾನೆ. ಮೂರು ದನಿ, ಒಂದನ್ನೊಂದು ತುಳಿಯದೆ. ನಮ್ಮ ಭಜನೆಯ ಹಿಮ್ಮೇಳ ಮುಂದಿನವನು ಹಾಡಿದ್ದನ್ನೇ ತಿರುಗಿ ಹಾಡುತ್ತದೆ. ಇವರ ಹಿಮ್ಮೇಳ ತನ್ನದೇ ಮಾತು ಹೇಳುತ್ತದೆ. ವ್ಯತ್ಯಾಸ ಅಷ್ಟೇ. 1991ರಲ್ಲಿ ಎಂಟಿವಿಯ 'ಅನ್‌ಪ್ಲಗ್ಡ್' ಎಂಬ ಕಾರ್ಯಕ್ರಮದಲ್ಲಿ ಹಾಡುವಾಗ ಸ್ಟೈಪ್ ತಮ್ಮ ಹಾಡುಗಳಲ್ಲಿ ಇದೇ ತನಗೆ ಬಹಳ ಇಷ್ಟ ಎಂಬ ಅರ್ಥದ ಮಾತು ಹೇಳಿದ್ದ. ಅವ್ವನ ಕಿವಿಯೂ ಅದನ್ನೇ ಹಿಡಿದಿತ್ತು.

ಹಾಗಾಗಿ ದಾರಿ ಹೀಗೆ. ನಿಮಗೆ ಇಷ್ಟವಾದ ಹಾಡನ್ನು ಮೂರು ಸಲ ಕೇಳಿ. ಮೊದಲ ಸಲ ಮುಂದಿನ ದನಿ. ಎರಡನೇ ಸಲ ಬೇಸ್ ಮತ್ತು ಡ್ರಮ್, ಅಂದರೆ ಹಾಡಿನ ಕಾಲು. ಮೂರನೇ ಸಲ ಹಿಮ್ಮೇಳ ಮಾತ್ರ. ಮೂರನೇ ಸಲವೂ ಹಾಡು ಹೊಸದಾಗಿ ಕೇಳಿಸಿದರೆ ಅದು ನಿಮ್ಮ ಪಟ್ಟಿಯ ಹಾಡು. ಎರಡನೇ ಸಲಕ್ಕೇ ಸಾಕೆನಿಸಿದರೆ, ಚೆಂದದ ಹಾಡೇ ಇರಬಹುದು, ಆದರೆ ನಿಮ್ಮದಲ್ಲ. ಬಿಟ್ಟುಬಿಡಿ.

ಮಿಲ್ಸ್ ದನಿ ಗುರುತಿಸಲು ಮೊದಲು ಕಷ್ಟ ಆಗಬಹುದು. ಅದಕ್ಕೊಂದು ಉಪಾಯ ಇದೆ. 'ಔಟ್ ಆಫ್ ಟೈಮ್' ಆಲ್ಬಮ್‌ನ 'ನಿಯರ್ ವೈಲ್ಡ್ ಹೆವನ್' ಮತ್ತು 'ಟೆಕ್ಸಾರ್ಕಾನಾ' ಹಾಡುಗಳಲ್ಲಿ ಅವನೇ ಮುಂದಿನ ಗಾಯಕ. ಅವೆರಡನ್ನು ಕೇಳಿಬಂದರೆ ಆಮೇಲೆ ಆ ದನಿ ಎಲ್ಲಿದ್ದರೂ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಮಾತು ತಿಳಿಯದ ಹಾಡುಗಳಿಗೆ ಹೋಗಿ

ಈಗ ಹಿಂದಕ್ಕೆ ಹೋಗಬಹುದು. 1983ರ 'ಮರ್ಮರ್', ಅವರ ಮೊದಲ ಆಲ್ಬಮ್. ಆ ವರ್ಷ ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಲೋಕವನ್ನೇ ಆಳುತ್ತಿತ್ತು. ಆದರೂ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ವರ್ಷದ ಆಲ್ಬಮ್ ಎಂದು ಆರಿಸಿದ್ದು ಈ ನಾಲ್ವರು ಹುಡುಗರದನ್ನು. ಆಲ್ಟರ್ನೇಟಿವ್ ರಾಕ್ ಎಂಬ ಹೆಸರು ಅಂಟಿದ್ದೂ ಇಂಥವರಿಗೇ. ದೊಡ್ಡ ರೇಡಿಯೋಗಳು ಹಾಕದ ಇವರ ಹಾಡನ್ನು ಅಲ್ಲಿನ ಕಾಲೇಜುಗಳ ಪುಟ್ಟ ರೇಡಿಯೋಗಳು ಹಾಕಿದವು. ಊರಿಂದ ಊರಿಗೆ ವ್ಯಾನ್‌ನಲ್ಲಿ ಹೋಗಿ ಹಾಡಿ ಬೆಳೆದರು.

'ಮರ್ಮರ್'ನಲ್ಲಿ ಸ್ಟೈಪ್ ಏನು ಹಾಡುತ್ತಿದ್ದಾನೆ ಎಂದು ಅಮೆರಿಕದವರಿಗೇ ತಿಳಿಯುತ್ತಿರಲಿಲ್ಲ. ನಿಮಗೆ ತಿಳಿಯದಿದ್ದರೆ ಅದು ನಿಮ್ಮ ಇಂಗ್ಲಿಷಿನ ದೋಷ ಅಲ್ಲ. ದನಿಯನ್ನೂ ಒಂದು ವಾದ್ಯದ ಹಾಗೆ ಗಿಟಾರಿನ ನಡುವೆ ಸೇರಿಸಿದ್ದಾರೆ. ಮಾತು ಹಿಡಿಯಲು ಹೋಗಬೇಡಿ, ಪೀಟರ್ ಬಕ್‌ನ ಗಿಟಾರ್ ಹಿಡಿಯಿರಿ. ಅವನು ತಂತಿಗಳನ್ನು ಒಟ್ಟಿಗೆ ಬಾರಿಸುವುದು ಕಡಿಮೆ. ಒಂದೊಂದನ್ನೇ ಮೀಟುತ್ತಾ ಹೋಗುತ್ತಾನೆ, ಬಂಡಿಯ ಎತ್ತಿನ ಗೆಜ್ಜೆ ಸದ್ದಿನ ಹಾಗೆ. 'ಟಾಕ್ ಅಬೌಟ್ ದ ಪ್ಯಾಶನ್' ಕೇಳಿದರೆ ನಾನು ಹೇಳುವುದು ತಿಳಿಯುತ್ತದೆ.

ಈ ಕಾಲದ ಹಾಡುಗಳಲ್ಲಿ ನನಗೆ ಪ್ರಾಣ ಅಂದರೆ 'ಡ್ರೈವರ್ 8'. 1985ರ 'ಫೇಬಲ್ಸ್ ಆಫ್ ದ ರೀಕನ್‌ಸ್ಟ್ರಕ್ಷನ್' ಆಲ್ಬಮ್‌ನಲ್ಲಿದೆ. ಆಲ್ಬಮ್ ರೆಕಾರ್ಡ್ ಆಗಿದ್ದು ಲಂಡನ್‌ನಲ್ಲಿ, ಹಾಡುಗಳು ಮಾತ್ರ ತಮ್ಮ ಸೀಮೆಯವೇ. ಇದು ರೈಲಿನ ಹಾಡು. ಗಿಟಾರ್ ಶುರುವಾದ ಕ್ಷಣವೇ ಚಕ್ರ ಉರುಳುತ್ತದೆ. ಇದನ್ನು ವಾಡಿ ಜಂಕ್ಷನ್‌ನಲ್ಲಿ ಕೇಳಬೇಕು. ಸೊಲ್ಲಾಪುರ ಕಡೆಯ ಗಾಡಿ, ಸಿಕಂದರಾಬಾದ್ ಕಡೆಯ ಗಾಡಿ, ಸಿಮೆಂಟ್ ತುಂಬಿದ ಗೂಡ್ಸ್. ಸಂಜೆ ಹೊತ್ತಿಗೆ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತರೆ ಗಾರ್ಡ್ ಡಬ್ಬಿಯ ಕೆಂಪು ದೀಪ ದೂರ ಹೋಗುತ್ತಾ ಹೋಗುತ್ತದೆ. ದಣಿದ ಚಾಲಕ, ಇನ್ನೂ ಬಾರದ ಊರು. ಈ ಹಾಡಿನ ಜೀವ ಅದೇ. ಹಾಡು ಜಾರ್ಜಿಯಾದ್ದೇ ಆದರೂ, ನನ್ನ ನೋಟ್‌ಬುಕ್‌ನಲ್ಲಿ ಅದರ ಮುಂದೆ 'ವಾಡಿ' ಎಂದು ಬರೆದಿದ್ದೇನೆ.

ಐದನೆಯ ಹೆಜ್ಜೆ: ಒಬ್ಬ ಎದ್ದು ಹೋದ ಮೇಲೆ

1995ರ ಮಾರ್ಚ್ 1. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ವೇದಿಕೆಯ ಮೇಲೆ ಬಿಲ್ ಬೆರ್ರಿಗೆ ತಲೆ ಸಿಡಿಯುವಷ್ಟು ನೋವು. ಮೆದುಳಿನ ರಕ್ತನಾಳ ಒಡೆದಿತ್ತು. ಶಸ್ತ್ರಚಿಕಿತ್ಸೆ ಆಗಿ ಉಳಿದುಕೊಂಡ. ಅದೇ ಪ್ರವಾಸದಲ್ಲಿ ಮತ್ತೆ ಡ್ರಮ್ ಮುಂದೆ ಕೂತ. ಆ ಓಡಾಟದ ನಡುವೆಯೇ, ಕಾರ್ಯಕ್ರಮಕ್ಕೆ ಮುಂಚೆ ವಾದ್ಯ ಪರೀಕ್ಷೆ ಮಾಡುವಾಗ, ವೇದಿಕೆಯ ಮೇಲೆ, ಬಟ್ಟೆ ಬದಲಿಸುವ ಕೋಣೆಯಲ್ಲೂ ರೆಕಾರ್ಡ್ ಮಾಡಿದ ಹಾಡುಗಳು ಸೇರಿ 1996ರ 'ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ' ಆಯಿತು. ನಾಲ್ವರೂ ಇರುವ ಕೊನೆಯ ಆಲ್ಬಮ್. ಅವರ ಆಲ್ಬಮ್‌ಗಳಲ್ಲಿ ಇದೇ ದೊಡ್ಡದು ಅನ್ನುತ್ತೇನೆ ನಾನು. ಅದರಲ್ಲಿ 'ಇ-ಬೋ ದ ಲೆಟರ್' ಎಂಬ ಹಾಡಿದೆ. ಗಾಯಕಿ ಪ್ಯಾಟಿ ಸ್ಮಿತ್ ಬಂದು ದನಿ ಸೇರಿಸಿದ್ದಾಳೆ. ಸ್ಟೈಪ್ ಹದಿನೈದು ವರ್ಷದ ಹುಡುಗನಾಗಿದ್ದಾಗ ಅವಳ ಆಲ್ಬಮ್ ಕೇಳಿಯೇ ಹಾಡುವ ಮನಸ್ಸು ಮಾಡಿದ್ದು. ಇಪ್ಪತ್ತು ವರ್ಷದ ಮೇಲೆ ಗುರು ಬಂದು ಶಿಷ್ಯನ ಹಿಮ್ಮೇಳಕ್ಕೆ ನಿಂತಳು. ಅದನ್ನು ತಿಳಿದು ಕೇಳಿದರೆ ಮೈ ಜುಮ್ ಅನ್ನುತ್ತದೆ. ಕೊನೆಯ ಹಾಡು 'ಎಲೆಕ್ಟ್ರೊಲೈಟ್' ಪಿಯಾನೋದ ಮೇಲೆ ನಡೆಯುತ್ತದೆ, ಬೀಳ್ಕೊಡುವ ಹಾಡಿನ ಹಾಗೆ. ಬೀಳ್ಕೊಡುಗೆಯೇ ಆಯಿತು.

1997ರ ಅಕ್ಟೋಬರ್‌ನಲ್ಲಿ ಬೆರ್ರಿ ಬ್ಯಾಂಡ್ ಬಿಟ್ಟ. ಜಗಳ ಇಲ್ಲ. ಸಾಕಾಗಿತ್ತು, ಹೊಲ ಮಾಡಿಕೊಂಡು ಇರುತ್ತೇನೆ ಅಂದ. ನಾನು ಬಿಟ್ಟರೆ ಬ್ಯಾಂಡೇ ಒಡೆಯುತ್ತದೆ ಅನ್ನುವುದಾದರೆ ಹೋಗುವುದಿಲ್ಲ ಎಂದೂ ಹೇಳಿದ್ದ. ಮೂರು ಕಾಲಿನ ನಾಯಿಯೂ ನಾಯಿಯೇ, ಬೇರೆ ಥರ ಓಡಲು ಕಲಿಯಬೇಕು ಅಷ್ಟೇ ಎಂಬ ಅರ್ಥದಲ್ಲಿ ಸ್ಟೈಪ್ ಮಾತಾಡಿದ್ದ.

ಸುಮಾರು ಅಭಿಮಾನಿಗಳು ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. 1998ರ 'ಅಪ್' ಆಲ್ಬಮ್ ಕೇಳಿ. ಮೂರನೆಯ ಹೆಜ್ಜೆಯಲ್ಲಿ ಡ್ರಮ್ಮನ್ನು ಬೇರೆಯಾಗಿ ಕೇಳಲು ಹೇಳಿದೆನಲ್ಲ, ಅದರ ಫಲ ಇಲ್ಲಿ ಸಿಗುತ್ತದೆ. ಬೆರ್ರಿ ಇದ್ದ ಜಾಗ ಖಾಲಿ ಇರುವುದು ಕಿವಿಗೆ ಗೊತ್ತಾಗುತ್ತದೆ. ಮೆಷಿನ್ನಿನ ಟಕಟಕ ಇದೆ, ಸಿಂಥಸೈಜರ್ ಇದೆ, ಮನುಷ್ಯನ ಕೈ ಹುಡುಕಬೇಕು. ಆಲ್ಬಮ್ ಉದ್ದ, ನಡುವೆ ಕೆಲವು ಕಡೆ ಎಳೆಯುತ್ತದೆ, ಒಪ್ಪುತ್ತೇನೆ. ಆದರೆ ಎಲ್ಲ ಹಾಡುಗಳ ಮಾತನ್ನೂ ಅವರು ಮೊದಲ ಬಾರಿಗೆ ಅಚ್ಚು ಹಾಕಿಸಿದ್ದು ಈ ಆಲ್ಬಮ್‌ನಲ್ಲಿಯೇ. ಮುಚ್ಚಿಟ್ಟುಕೊಳ್ಳುವ ಹಂತ ದಾಟಿದ್ದರು.

ನನ್ನ ಪಟ್ಟಿಯ ಮೊದಲ ಹಾಡು ಇಲ್ಲಿದೆ. 'ಡೇಸ್ಲೀಪರ್'.

ನಾನು ಚಿತ್ತಾಪುರ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಕಿಲ್ನ್, ಅಂದರೆ ಸಿಮೆಂಟಿನ ಕಲ್ಲು ಸುಡುವ ಉದ್ದನೆಯ ಕುಲುಮೆ, ಅದರ ಒಳಗೆ 1450 ಡಿಗ್ರಿ. ಅದನ್ನು ಸುಮ್ನೆ ಆರಿಸಿ ಮನೆಗೆ ಬರುವಂತಿಲ್ಲ, ಹಗಲೂ ರಾತ್ರಿ ತಿರುಗುತ್ತಲೇ ಇರಬೇಕು. ಹಾಗಾಗಿ ಮೂರು ಶಿಫ್ಟ್. ಸಿ ಶಿಫ್ಟ್ ಅಂದರೆ ರಾತ್ರಿ ಹತ್ತರಿಂದ ಬೆಳಗ್ಗೆ ಆರು. ಕೆಲಸದ ಹೊತ್ತಲ್ಲಿ ಹಾಡು ಕೇಳುವಂತಿಲ್ಲ, ಕೇಳಲೂಬಾರದು. ಬೆಳಗ್ಗೆ ಕಂಪನಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳುತ್ತೇನೆ. ಹೊರಗೆ ತೊಗರಿ ಹೊಲ, ಹಾಲಿನ ಕ್ಯಾನ್ ಕಟ್ಟಿದ ಬೈಕು, ಶಾಲೆಗೆ ಹೊರಟ ಮಕ್ಕಳು. ಅವರಿಗೆ ದಿನ ಶುರುವಾಗುತ್ತಿರುತ್ತದೆ, ನನ್ನದು ಮುಗಿದಿರುತ್ತದೆ. ಮನೆಯಲ್ಲಿ ಕಿಟಕಿಗೆ ದಪ್ಪ ಚಾದರ ಕಟ್ಟಿ ಮಲಗಬೇಕು. ಓಣಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಾನೆ, ಕರೆಂಟ್ ಹೋಗುತ್ತದೆ, ನಿದ್ದೆ ತುಂಡು ತುಂಡಾಗುತ್ತದೆ. ಹೆಂಡತಿ ಮಕ್ಕಳು ಇಡೀ ದಿನ ಪಿಸುಮಾತಲ್ಲಿ ಕಳೆಯುತ್ತಾರೆ.

ನ್ಯೂಯಾರ್ಕ್‌ನ ಒಂದು ಬಿಲ್ಡಿಂಗಿನಲ್ಲಿ ಸ್ಟೈಪ್ ಒಂದು ಮನೆಯ ಬಾಗಿಲ ಮೇಲೆ, ಒಳಗೆ ಹಗಲು ಮಲಗುವವರು ಇದ್ದಾರೆ ಎಂಬ ಚೀಟಿ ನೋಡಿದ. ಅದರಿಂದ ಹುಟ್ಟಿದ ಹಾಡು ಇದು. ರಾತ್ರಿ ಪಾಳಿ ಮಾಡುವವನ ತಲೆಯೊಳಗಿನ ಮಂಜು, ಗಂಟೆ ದಿನಗಳ ಗೊಂದಲ, ಬೆಳಕಿನ ಮೇಲಿನ ಸಿಟ್ಟು. ಅಕೂಸ್ಟಿಕ್ ಗಿಟಾರ್ ಮೆಲ್ಲಗೆ ನಡೆಯುತ್ತದೆ, ಮಲಗಿದವರನ್ನು ಎಬ್ಬಿಸದ ಹಾಗೆ. ಇಷ್ಟು ದೊಡ್ಡ ಬ್ಯಾಂಡಿನವನಿಗೆ ಒಬ್ಬ ಶಿಫ್ಟ್ ಕೆಲಸದವನ ನಿದ್ದೆ ಹಾಡಾಗಿ ಕಂಡಿತಲ್ಲ! ಮೊದಲ ಸಲ ಮಾತು ಓದುತ್ತಾ ಕೇಳಿದ ದಿನ ಬಸ್ಸಿನಲ್ಲಿ ನನ್ನ ಕಣ್ಣು ತುಂಬಿ ಬಂದಿತ್ತು. ಆರ್.ಇ.ಎಂ. ಅನ್ನುವುದೇ ಕನಸು ಬೀಳುವ ಹೊತ್ತಿನ ನಿದ್ದೆಯ ಹೆಸರು. ಡಿಕ್ಷನರಿ ತೆರೆದು ಕಣ್ಣಿಗೆ ಬಿದ್ದ ಪದ ಅಂತ ಇಟ್ಟುಕೊಂಡರಂತೆ. ನನಗೆ ಅದು ಸರಿಯಾಗಿಯೇ ಕೂತಿದೆ.

ನಿಮ್ಮ ಮೊದಲ ಹಾಡು ಇದಾಗಬೇಕಿಲ್ಲ. ನಿಮ್ಮ ಬದುಕಿನ ಹೊತ್ತುಗೊತ್ತು ಯಾವ ಹಾಡಿಗೆ ತಿಳಿದಿದೆ ಎಂದು ಹುಡುಕಿ.

ಆರನೆಯ ಹೆಜ್ಜೆ: ಕೊನೆಯ ನಾಲ್ಕು ಆಲ್ಬಮ್

ಇಲ್ಲಿ ಬೇಗ ನಡೆಯಬಹುದು. 2001ರ 'ರಿವೀಲ್'ನಲ್ಲಿ 'ಇಮಿಟೇಶನ್ ಆಫ್ ಲೈಫ್' ಕೇಳಿ. 2004ರ 'ಅರೌಂಡ್ ದ ಸನ್' ಸೊರಗಿದ ಆಲ್ಬಮ್. 'ಲೀವಿಂಗ್ ನ್ಯೂಯಾರ್ಕ್' ಒಂದನ್ನು ಕೇಳಿ ಮುಂದೆ ಹೋಗಿ. 2008ರ 'ಆಕ್ಸಿಲರೇಟ್' ಬರೀ 35 ನಿಮಿಷ, ಒಂದೇ ಉಸಿರು, ಸಂಜೆ ನಡೆಯುತ್ತಾ ಕೇಳಲು ಚೆನ್ನಾಗಿದೆ. ಅಪ್ಪನ ಕೆರೆಯ ಸುತ್ತ ನಡೆದರೆ ಸರಿಹೋಗುತ್ತದೆ. 2011ರ 'ಕೊಲ್ಯಾಪ್ಸ್ ಇಂಟು ನೌ'ನಲ್ಲಿ 'ಊಬರ್ಲಿನ್' ಬಿಡಬೇಡಿ.

ಏಳನೆಯ ಹೆಜ್ಜೆ: ಪಟ್ಟಿ ಬರೆಯುವುದು

ಈಗ ನೋಟ್‌ಬುಕ್‌ನಲ್ಲಿ ಮೂವತ್ತೋ ನಲವತ್ತೋ ಹೆಸರು ಇರುತ್ತವೆ. ಹನ್ನೆರಡಕ್ಕೆ ಇಳಿಸಿ. ಒಂದು ಆಲ್ಬಮ್‌ನಿಂದ ಎರಡಕ್ಕಿಂತ ಜಾಸ್ತಿ ಬೇಡ. 1987ಕ್ಕಿಂತ ಮುಂಚಿನದು ಒಂದಾದರೂ ಇರಲಿ, ಬೆರ್ರಿ ಹೋದ ಮೇಲಿನದು ಒಂದಾದರೂ ಇರಲಿ. ಈ ಕಟ್ಟಳೆ ಇಲ್ಲದಿದ್ದರೆ ಪಟ್ಟಿ ಪೂರಾ 1991, 1992ರ ಹಾಡುಗಳಿಂದಲೇ ತುಂಬುತ್ತದೆ.

ಪ್ರತಿ ಹಾಡಿನ ಮುಂದೆ ಎಲ್ಲಿ ಕೇಳಿದಿರಿ, ಯಾವ ಹೊತ್ತು ಎಂದು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಹಾಡಿನ ಮೇಲೆ ಗೀಟು ಎಳೆಯಿರಿ. ನಾನು ಹೀಗೇ ಬಹಳ ಹೆಸರಾದ ಒಂದು ಹಾಡನ್ನು ತೆಗೆದೆ. 1987ರ 'ದ ಒನ್ ಐ ಲವ್'. ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಬಂದ ಅವರ ಮೊದಲ ಹಾಡು. ಪ್ರೇಮದ ಹಾಡೆಂದು ಜನ ಒಬ್ಬರಿಗೊಬ್ಬರು ಕಳಿಸುತ್ತಾರೆ, ಆದರೆ ಒಳಗೆ ಇರುವುದು ಕಲ್ಲು ಮನಸ್ಸು. ಹಾಡು ಗಟ್ಟಿ, ಒಪ್ಪಿದೆ. ಅದರ ಮುಂದೆ ಬರೆಯಲು ನನ್ನ ಬಳಿ ಜಾಗ ಇರಲಿಲ್ಲ, ಹೊತ್ತೂ ಇರಲಿಲ್ಲ.

ಬ್ಯಾಂಡೇ ಹೊರತಂದ ಆಯ್ದ ಹಾಡುಗಳ ಸಂಗ್ರಹಗಳಿವೆ. 2011ರದರಲ್ಲಿ 40 ಹಾಡಿವೆ. ನಿಮ್ಮ ಪಟ್ಟಿ ಮುಗಿಯುವ ತನಕ ಅವನ್ನು ತೆರೆಯಬೇಡಿ. ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಅದರಲ್ಲಿ ಇಲ್ಲದ, ನಿಮ್ಮಲ್ಲಿ ಇರುವ ಹಾಡುಗಳಿಗೆ ಚಿಕ್ಕ ಗುರುತು ಹಾಕಿ.

ಎಲ್ಲ ಆದ ಮೇಲೆ 2024ರ ಜೂನ್‌ನ ವಿಡಿಯೋ ಒಂದು ನೋಡಿ. ನ್ಯೂಯಾರ್ಕ್‌ನಲ್ಲಿ ಹಾಡು ಕಟ್ಟುವವರನ್ನು ಗೌರವಿಸುವ ಸಮಾರಂಭ. ನಾಲ್ವರೂ ಬಂದಿದ್ದಾರೆ, ಹೊಲಕ್ಕೆ ಹೋದ ಬೆರ್ರಿಯೂ. ತಲೆ ನೆರೆತಿದೆ. ನಾಲ್ವರೂ ಸೇರಿ 'ಲೂಸಿಂಗ್ ಮೈ ರಿಲಿಜನ್' ಹಾಡುತ್ತಾರೆ. ಹಿಮ್ಮೇಳ ಕೇಳಿ, ಮಿಲ್ಸ್ ಅಲ್ಲೇ ಇದ್ದಾನೆ.

ಅಕ್ಕನ ಮಗಳ ಪಟ್ಟಿ ಮೊನ್ನೆ ವಾಟ್ಸಾಪ್‌ನಲ್ಲಿ ಬಂತು, ಬೀದರ್‌ನಿಂದ. ನೋಟ್‌ಬುಕ್ ಹಾಳೆಯ ಫೋಟೋ. ಹನ್ನೆರಡರಲ್ಲಿ ನನ್ನ ಪಟ್ಟಿಗೆ ಹೊಂದಿದ್ದು ಮೂರೇ. ಮೇಲೆ ಮೊದಲನೆಯದು 'ಲೆಟ್ ಮಿ ಇನ್', 1994ರ 'ಮಾನ್‌ಸ್ಟರ್' ಆಲ್ಬಮ್‌ನದು. ಸ್ಟೈಪ್ ತನ್ನ ಗೆಳೆಯ, ನಿರ್ವಾಣ ಬ್ಯಾಂಡಿನ ಗಾಯಕ ಕರ್ಟ್ ಕೊಬೈನ್ ತೀರಿಕೊಂಡ ಮೇಲೆ ಬರೆದ ಹಾಡು. ಉದ್ದಕ್ಕೂ ಗಿಟಾರಿನ ಗದ್ದಲ. ಆ ಗದ್ದಲಕ್ಕೇ ಬೇಸತ್ತು ನಾನು ಅದನ್ನು ಯಾವತ್ತೂ ದಾಟಿಸಿ ಮುಂದೆ ಹೋಗುತ್ತಿದ್ದೆ. ಅವಳು ಅದರ ಮುಂದೆ 'ಮಾಳಿಗೆ, ರಾತ್ರಿ ಹನ್ನೊಂದು, ಕರೆಂಟ್ ಇರಲಿಲ್ಲ' ಎಂದು ಬರೆದಿದ್ದಾಳೆ.

ಡೌನ್‌ಲೋಡ್ ಮಾಡಿಕೊಂಡಿದ್ದೇನೆ. ಇವತ್ತು ರಾತ್ರಿ ಸಿ ಶಿಫ್ಟ್. ಬೆಳಗ್ಗೆ ಬಸ್ಸಿನಲ್ಲಿ ಮೂರು ಸಲ ಕೇಳಬೇಕು.